ಕೇಸ್ ಪೇಪರಿನ ಏಳು ವರ್ಷ

ಆ ಮಾತನ್ನು ಡಾಕ್ಟರಿಗೆ ಹೇಳಿದ್ದು ಯಾರೆಂದು ನನಗೆ ಖಚಿತವಿಲ್ಲ. ಅಕ್ಕನ ಅತ್ತೆ ಹೇಳಿದರೆಂದೇ ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಹೇಳಿದ್ದೇನೆ, ಮದುವೆಯೂಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಕಲ್ಯಾಣದ ಲೋಕಲ್ ರೈಲಿನಲ್ಲಿ ನಿಂತುಕೊಂಡು ಹೆಸರೂ ಗೊತ್ತಿಲ್ಲದ ಒಬ್ಬರಿಗೆ ಹೇಳಿದ್ದೇನೆ. ಪ್ರತಿ ಸಲವೂ ಕೇಳಿದವರು ನಕ್ಕಿದ್ದಾರೆ. ಜನ ನಗುವ ಕಥೆಯನ್ನು ಯಾರೂ ತಿರುಗಿ ಪರೀಕ್ಷಿಸುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ, ಸಾಕ್ಷಿಯನ್ನು ಹೇಗೆ ಅನುಮಾನಿಸಬೇಕೆಂದು ಮೂರು ಕಾಲೇಜುಗಳಲ್ಲಿ ಗಂಟೆ ಲೆಕ್ಕದ ಪಾಠ ಹೇಳಿದ ನಾನೂ ಪರೀಕ್ಷಿಸಲಿಲ್ಲ.

ನನ್ನ ನೆನಪಿನಲ್ಲಿ ನಾನು ಆ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದೇನೆ. ಹೊರಗೆ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಖಾಡಿಯ ಮೇಲೆ ರೈಲ್ವೆ ಸೇತುವೆ. ಮಾತು ನನ್ನ ಬೆನ್ನ ಹಿಂದೆ ನಡೆಯುತ್ತಿದೆ. ಚಿತ್ರ ಬಹಳ ಸ್ಪಷ್ಟವಾಗಿದೆ. ತೊಂದರೆಯೆಂದರೆ ಆ ಆಸ್ಪತ್ರೆ ಇರುವುದು ನವಿ ಮುಂಬಯಿಯಲ್ಲಿ, ನೆರೂಲಿನ ಒಳಗಿನ ಒಂದು ಸೆಕ್ಟರಿನಲ್ಲಿ. ಅದರ ಯಾವ ಕಿಟಕಿಯಿಂದಲೂ ಖಾಡಿ ಕಾಣುವುದಿಲ್ಲ. ಎದುರಿನ ವಸತಿ ಸೊಸೈಟಿಯ ನೀರಿನ ಟಾಕಿ ಕಾಣುತ್ತದೆ. ಕಳವಾ ಸ್ಟೇಶನ್ನಿನ ಹತ್ತಿರ ಟ್ಯಾಕ್ಸಿಯಿಂದ ಕಂಡ ಸೇತುವೆಯನ್ನು ನಾನೇ ತಂದು ಆ ಕಿಟಕಿಗೆ ಕೂಡಿಸಿರಬೇಕು. ಸೇತುವೆಯನ್ನೇ ಸಾಗಿಸಬಲ್ಲ ನೆನಪಿಗೆ ಒಂದು ಮಾತನ್ನು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಸಾಗಿಸುವುದು ಕಷ್ಟವಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಉಳಿದದ್ದನ್ನು ಹೇಳುತ್ತೇನೆ.

ಭಾವ, ಅಂದರೆ ಅಕ್ಕನ ಗಂಡ, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಮನೆ ಮಾಜಿವಾಡಾದಲ್ಲಿ. ಇಪ್ಪತ್ತೈದು ವರ್ಷ ಅವರು ಬೆಳಿಗ್ಗೆ ನಾಲ್ಕಕ್ಕೆ ಎದ್ದವರು. ಕಾರ್ಖಾನೆಗಳ ಮೊದಲ ಪಾಳಿಯವರು ಬರುವ ಮೊದಲು ಸಾಂಬಾರಿನ ರುಚಿಯನ್ನು ಅವರೇ ನೋಡಬೇಕು. ಅಡಿಗೆಯ ಭಟ್ಟರ ನಾಲಗೆಯ ಮೇಲೆ ಅವರಿಗೆ ನಂಬಿಕೆಯಿಲ್ಲವೆಂದಲ್ಲ. ಉಡುಪಿ ಕಡೆಯ ಹೋಟೆಲಿನವರಲ್ಲಿ ಯಜಮಾನ ಮಲಗಿರುವಾಗ ಒಲೆ ಹೊತ್ತಿದರೆ ಅದು ಅವಮಾನ. ಕುಡುಕ ಅಂದರೆ ನಮ್ಮವರು ಸಹಿಸಿಕೊಂಡಾರು, ಸೋಮಾರಿ ಅಂದರೆ ಮಾತು ಬಿಟ್ಟಾರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಭಾವನಿಗೆ ಏಳಲು ಆಗಲಿಲ್ಲ. ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಉಪ್ಪು ಹೋಯಿತು. ಸೌಟಿನಿಂದ ಅಂಗೈಗೆ ಸಾಂಬಾರು ಬಿಟ್ಟುಕೊಂಡು ನೆಕ್ಕಿ, ಸುಮ್ಮನೆ ನಿಂತುಬಿಡುತ್ತಿದ್ದರು. "ಉಪ್ಪು ಹೆಚ್ಚಾಯ್ತಾ ಕಮ್ಮಿಯಾಯ್ತಾ ಗೊತ್ತಾಗ್ತಾ ಇಲ್ಲ ಮಾರಾಯ" ಎಂದು ನನಗೇ ಒಮ್ಮೆ ಹೇಳಿದರು. ಆಮೇಲೆ ಗಲ್ಲಾದ ಮೇಲೆ ಕೂತವರು ಗಿರಾಕಿ ಎದುರು ನಿಂತದ್ದನ್ನು ನೋಡದಂತಾದರು. ಆಮೇಲೆ ಹೋಟೆಲಿಗೆ ಹೋಗುವುದೇ ನಿಂತಿತು. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದರು. ಒಂದು ಮಧ್ಯಾಹ್ನ ಊಟದ ತಟ್ಟೆಯನ್ನು ಹಿಂದಕ್ಕೆ ತಳ್ಳಿ ಅಕ್ಕನನ್ನು ಕೇಳಿದರಂತೆ: "ನಾನು ಇಲ್ಲದಿದ್ರೂ ಹೋಟೆಲು ನಡೀತದೆ ಅಲ್ವಾ?"

ಅಕ್ಕ ನನಗೆ ಫೋನು ಮಾಡಿದಳು. "ನಡೀತಾ ಉಂಟಲ್ಲ ಅಕ್ಕ, ಭಟ್ಟರು ಇದ್ದಾರಲ್ಲ" ಎಂದೆ.

"ತಮ್ಮ, ಅವರು ಹೋಟೆಲಿನ ಬಗ್ಗೆ ಕೇಳಿದ್ದಲ್ಲ" ಎಂದಳು ಅಕ್ಕ. ಎಂ.ಎ. ಮಾಡಿದವನು ನಾನು, ಅರ್ಥವಾದದ್ದು ಅವಳಿಗೆ.

ಅಷ್ಟರಲ್ಲಿ ಅತ್ತೆ, ಅಂದರೆ ಭಾವನ ತಾಯಿ, ತಮ್ಮ ಮಟ್ಟಿಗೆ ರೋಗನಿದಾನ ಮುಗಿಸಿದ್ದರು. ಊರಿನ ಜೋಯಿಸರಿಗೆ ಫೋನಿನಲ್ಲೇ ಜಾತಕ ಓದಿ ಹೇಳಿ, ಉತ್ತರ ತರಿಸಿಕೊಂಡಿದ್ದರು: ವೃಶ್ಚಿಕ ರಾಶಿ, ಸಾಡೇಸಾತಿ. ಶನಿ ಹಿಡಿದರೆ ಏಳೂವರೆ ವರ್ಷ ಬಿಡುವುದಿಲ್ಲ. ಭಾವನಿಗೆ ಹಿಡಿದು ಏಳು ವರ್ಷ ಆಗಿದೆ, ಇನ್ನು ಬಾಲ ಮಾತ್ರ ಉಳಿದಿದೆ. ಅತ್ತೆ ಶನಿವಾರ ಒಪ್ಪೊತ್ತು ಮಾಡುತ್ತಿದ್ದರು, ಎಳ್ಳೆಣ್ಣೆಯ ದೀಪ ಹಚ್ಚುತ್ತಿದ್ದರು. "ಬಾಲದಲ್ಲಿ ವಿಷ ಜಾಸ್ತಿ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಅಕ್ಕ ಎರಡನ್ನೂ ಬಿಡಲಿಲ್ಲ. ದೀಪಕ್ಕೆ ಎಣ್ಣೆ ತಂದುಕೊಟ್ಟಳು, ನೆರೂಲಿನ ಮನೋರೋಗದ ಡಾಕ್ಟರಿಗೆ ಅಪಾಯಿಂಟ್‌ಮೆಂಟನ್ನೂ ತೆಗೆದುಕೊಂಡಳು. ಠಾಣೆಯಲ್ಲೇ ಡಾಕ್ಟರುಗಳಿದ್ದರು. ಆದರೆ ಠಾಣೆಯಲ್ಲಿ ನಮ್ಮವರೂ ಇದ್ದರು.

ಡಾಕ್ಟರು ಭಾವನನ್ನು ನೋಡಿ, ಇದು ಖಿನ್ನತೆ, ಗಟ್ಟಿಯಾಗಿಯೇ ಬಂದಿದೆ, ಮನೆಯಲ್ಲಿಟ್ಟು ನೋಡಿಕೊಳ್ಳುವ ಹಂತ ದಾಟಿದೆ, ಕನಿಷ್ಠ ನಾಲ್ಕು ವಾರ ಒಳಗಿರಬೇಕು ಎಂದರು. ಆಗ ನಾನು ಜೋರಾಗಿ ಹೇಳಿದ್ದು ನನಗೆ ನೆನಪಿದೆ. ಇದನ್ನು ನಾನು ಅನುಮಾನಿಸುವುದಿಲ್ಲ, ಏಕೆಂದರೆ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. "ಚಿಂತೆ ಇಲ್ಲ ಅಕ್ಕ. ಈಗ ಕಾನೂನು ಬಂದಿದೆ. ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಇನ್ಶೂರೆನ್ಸಿನಲ್ಲಿ ಇನ್ನು ಮೇಲೆ ಭೇದ ಇಲ್ಲ."

ಮಾತು ಸುಳ್ಳಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾನೂನು ಅದನ್ನೇ ಹೇಳುತ್ತದೆ. ಅದಕ್ಕೆ ಮೊದಲು ಪಾಲಿಸಿಯ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇರುತ್ತಿತ್ತು, ಕಂಪನಿ ಯಾವುದಕ್ಕೆಲ್ಲ ಹೊಣೆಯಲ್ಲವೆಂದು. ಯುದ್ಧ, ಅಣುವಿಕಿರಣ, ಹಲ್ಲು, ಕನ್ನಡಕ, ಮೂಗು ಚಂದ ಮಾಡಿಸಿಕೊಳ್ಳುವುದು, ಮತ್ತು ಮನಸ್ಸು. ಕುಡಿತವೂ ಅಲ್ಲೇ ಪಕ್ಕದಲ್ಲಿ. ಈ ಪಟ್ಟಿಯ ಪರಿಚಯ ನಮ್ಮ ಮನೆಗೆ ಹಳೆಯದು. ಶಹಾಡ್ ಸ್ಟೇಶನ್ನಿನ ಹತ್ತಿರ ಕಾರ್ಖಾನೆಯಲ್ಲಿದ್ದ ನಮ್ಮ ಚಿಕ್ಕಪ್ಪ ಹಿಂದಿನ ದಶಕದಲ್ಲಿ ಮೂರು ಸಲ ಕುಡಿತಕ್ಕಾಗಿ ಕಲ್ಯಾಣದ ನರ್ಸಿಂಗ್ ಹೋಮಿನಲ್ಲಿ ಮಲಗಿದರು. ಮೂರು ಸಲವೂ ಕಾಗದದಲ್ಲಿ ಹೊಟ್ಟೆಯ ಹುಣ್ಣು. ಕಂಪನಿಗೆ ಬೇಕಾದದ್ದೂ ಹುಣ್ಣು, ನೆಂಟರಿಗೆ ಹೇಳಲು ಬೇಕಾದದ್ದೂ ಹುಣ್ಣು. ಹೀಗೆ ಎಲ್ಲರೂ ಒಮ್ಮತದಿಂದ ಹುಣ್ಣಿಗೆ ಔಷಧಿ ಕೊಡಿಸಿದರು. ಕಾಗದಗಳನ್ನು ನಂಬುವುದಾದರೆ ಚಿಕ್ಕಪ್ಪ ಜೀವಮಾನದಲ್ಲಿ ಒಂದು ತೊಟ್ಟೂ ಕುಡಿದವರಲ್ಲ. ಕುಡಿತ ಈಗಲೂ ಪಟ್ಟಿಯಲ್ಲೇ ಇದೆ. ಮನಸ್ಸನ್ನು ಮಾತ್ರ ಹೊರಗೆ ಕರೆದಿದ್ದಾರೆ.

ಹಾಗಾಗಿ ಭಾವನ ವಿಷಯದಲ್ಲಿ ಸುಳ್ಳು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಎಂದು ನಾನು ಉಪದೇಶ ಮಾಡಿದೆ. ನಮ್ಮ ಮನೆಯಲ್ಲಿ ಮೊದಲ ಸಲ ಒಂದು ಕಾಯಿಲೆ ಅದರ ಸ್ವಂತ ಹೆಸರಿನಲ್ಲಿ ಆಸ್ಪತ್ರೆಗೆ ಹೋಯಿತು.

ದಾಖಲು ಮಾಡಿಕೊಂಡದ್ದು ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು, ಮರಾಠಿ ಹುಡುಗಿ. ಕೋಣೆಯಲ್ಲಿ ಭಾವ, ಅಕ್ಕ, ಅತ್ತೆ ಮತ್ತು ನಾನು. ಭಾವ ಮಾತಾಡಲಿಲ್ಲ. ಡಾಕ್ಟರು ಹಿಂದಿಯಲ್ಲಿ, ಮರಾಠಿಯಲ್ಲಿ, ನನ್ನ ಜೊತೆ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ನಾವು ನಾವು ಆಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕುಡಿಯುತ್ತಾರೆಯೇ ಎಂಬ ಪ್ರಶ್ನೆ ಬಂದಾಗ ಅಕ್ಕ ಸಿಡಿದಳು: "ಕುಡಿಯೋದಾ! ಸೋಡಾ ಕುಡಿದ್ರೂ ನಾಲ್ಕು ಜನ ನೋಡಿದ್ರಾ ಅಂತ ಕೇಳುವ ಜನ ಇವರು."

ಆಮೇಲೆ ಡಾಕ್ಟರು ಕೇಳಿದಳು, ಎಷ್ಟು ಕಾಲದಿಂದ ಹೀಗೆ?

ಅತ್ತೆ ತಕ್ಷಣ ಉತ್ತರ ಕೊಟ್ಟರು. ಶನಿ ಹಿಡಿದು ಏಳು ವರ್ಷ ಆಯಿತು ಎಂದರು. ಇದರಲ್ಲಿ ಅನುಮಾನವಿಲ್ಲ. ಅನುಮಾನ ಇರುವುದು ಮುಂದಿನ ಅರ್ಧ ನಿಮಿಷದಲ್ಲಿ. ನಾನು ಹೇಳುತ್ತ ಬಂದಿರುವ ಕಥೆಯಲ್ಲಿ, ಅತ್ತೆ ತರಕಾರಿ ಕೊಳ್ಳುವ ತಮ್ಮ ಹಿಂದಿಯಲ್ಲಿ ನೇರವಾಗಿ "ಸಾತ್ ಸಾಲ್ ಹೋ ಗಯಾ" ಎನ್ನುತ್ತಾರೆ, ಡಾಕ್ಟರು ಕೇಸ್ ಪೇಪರಿನಲ್ಲಿ ಬರೆದುಕೊಳ್ಳುತ್ತಾಳೆ, ನಾನು ಕಿಟಕಿಯಲ್ಲಿ ಇಲ್ಲದ ಖಾಡಿಯನ್ನು ನೋಡುತ್ತಿರುತ್ತೇನೆ.

ಭಾವನಿಗೆ ಮೇಲಿನ ಮಹಡಿಯಲ್ಲಿ ಹಾಸಿಗೆ ಸಿಕ್ಕಿತು. ಆಸ್ಪತ್ರೆಯವರು ಕಂಪನಿಯ ಒಪ್ಪಿಗೆಗೆ ಕಾಗದ ಕಳಿಸಿದರು. ಒಪ್ಪಿಗೆ ಬಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ಬರುವುದು ತಡವಾಯಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಭಾವ ಮೊದಲ ಸಲ ತಾವಾಗಿ ಬಾಯಿಬಿಟ್ಟರು.

"ಕಂಪನಿಯವರು ಎಂತ ಹೇಳಿದ್ರು?"

"ಇನ್ನೂ ಹೇಳ್ಲಿಲ್ಲ ಭಾವ. ಹೇಳ್ತಾರೆ. ನೀವು ಅದರ ಬಗ್ಗೆ ಯೋಚನೆ ಮಾಡ್ಬೇಡಿ."

"ಅದರ ಬಗ್ಗೆಯೇ ಯೋಚನೆ ಮಾಡುವುದು. ಅವರು ಒಪ್ಪಿದ್ರೆ ಇದು ಕಾಯಿಲೆ. ನಾಲ್ಕು ವಾರ ಅಲ್ಲ, ಎಂಟು ವಾರ ಇರ್ತೇನೆ. ಒಪ್ಪದಿದ್ರೆ ಸೋಮಾರಿತನ."

"ಕಾಯಿಲೆ ಹೌದಾ ಅಲ್ವಾ ಅಂತ ಹೇಳ್ಬೇಕಾದ್ದು ಡಾಕ್ಟರು ಭಾವ, ಕಂಪನಿ ಅಲ್ಲ."

"ಡಾಕ್ಟರಿಗೆ ನಾನು ಗಿರಾಕಿ. ಬಂದ ಗಿರಾಕಿಗೆ ಬೇಡ ಅಂತ ಯಾರು ಹೇಳ್ತಾರೆ? ನಾನು ಹೇಳಿದ್ದುಂಟಾ? ದುಡ್ಡು ಬಿಚ್ಚಲಿಕ್ಕೆ ಮನಸ್ಸಿಲ್ಲದವ ಹೌದು ಅಂದ್ರೆ ಅದು ಹೌದು."

ಇಷ್ಟು ಉದ್ದದ ಮಾತನ್ನು ಅವರು ಎರಡು ತಿಂಗಳಲ್ಲಿ ಆಡಿರಲಿಲ್ಲ. ಹೇಳಿಕೆಯಿಂದ ಯಾರಿಗೆ ನಷ್ಟವೋ ಅವನ ಹೇಳಿಕೆಗೆ ತೂಕ ಹೆಚ್ಚು ಎಂದು ನಾನೇ ತರಗತಿಯಲ್ಲಿ ಬರೆಯಿಸುತ್ತಿದ್ದೆ. ಭಾವ ಅದನ್ನು ಗಲ್ಲಾದ ಮೇಲೆ ಕೂತು ಕಲಿತಿದ್ದರು. ಹೀಗೆ ಅವರು ಔಷಧಿ ತೆಗೆದುಕೊಳ್ಳುವುದು, ಬಿಡುವುದು, ಅಲ್ಲಿ ಇರುವುದು, ಹೊರಡುವುದು ಎಲ್ಲವೂ ನಾವು ಮುಖ ನೋಡಿರದ ಯಾರೋ ಒಬ್ಬ ಗುಮಾಸ್ತನ 'ಹೌದು' ಎಂಬ ಮಾತಿನ ಮೇಲೆ ನಿಂತಿತು. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಬ್ಯಾಗಿನಿಂದ ಪಾಲಿಸಿಯ ಪುಸ್ತಕ ತೆಗೆದು, ಅರ್ಥವಾಗದಿದ್ದರೂ, ಮೊದಲ ಪುಟದಿಂದ ಓದತೊಡಗಿದಳು.

ಕಂಪನಿ ವಿಚಾರಣೆಗೆ ಒಬ್ಬರನ್ನು ಹೋಟೆಲಿಗೆ ಕಳಿಸಿತು. ಕಾಲೇಜಿಗೆ ರಜೆಯಿದ್ದದ್ದರಿಂದ ಗಲ್ಲಾದ ಮೇಲೆ ನಾನಿದ್ದೆ. ಬಹಳ ವಿನಯದ ಮನುಷ್ಯ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಉಪ್ಪಿಟ್ಟು, ಕಾಪಿ ಕೊಟ್ಟೆವು, ದುಡ್ಡು ತೆಗೆದುಕೊಳ್ಳಲಿಲ್ಲ. ಅದು ಸಂಶಯಕ್ಕೆ ಕಾರಣವಾಗಬಹುದೆಂದು ಹೊಳೆದದ್ದು ಆಮೇಲೆ. ಅವರು ಅಡಿಗೆಯ ಭಟ್ಟರನ್ನು ಕರೆದು ಕೇಳಿದರು, ಸೇಟ್ ಯಾವಾಗಿನಿಂದ ಹೀಗೆ ಮಂಕಾಗಿದ್ದಾರೆ?

ಭಟ್ಟರು ಹನ್ನೆರಡು ವರ್ಷದಿಂದ ಅಲ್ಲಿದ್ದವರು, ಕುಂದಾಪುರದ ಕಡೆಯವರು. ಯಜಮಾನನನ್ನು ಯಾರೋ ಹೊರಗಿನವರು ಅಳೆಯುತ್ತಿದ್ದಾರೆ ಎಂದು ಅವರಿಗೆ ಸಿಟ್ಟು ಬಂತು. ಸೆಟೆದು ನಿಂತು ತಮ್ಮ ಹಿಂದಿಯಲ್ಲಿ ಹೇಳಿದರು: "ಹಮಾರಾ ಸೇಟ್ ಪೈಲೇ ಸೇ ಐಸಾ ಹೀ ಹೈ. ಕಭೀ ಹಸತಾ ನಹೀ. ಬಾರಾ ಸಾಲ್ ಮೇ ಏಕ್ ಬಾರ್ ಹಸಾ, ನಯಾ ಗ್ರೈಂಡರ್ ಆಯಾ ತಬ್."

ಮೊದಲಿನಿಂದಲೂ ಹೀಗೆಯೇ, ಹನ್ನೆರಡು ವರ್ಷದಲ್ಲಿ ನಕ್ಕದ್ದು ಒಂದೇ ಸಲ, ಹೊಸ ಗ್ರೈಂಡರ್ ಬಂದಾಗ ಎನ್ನುವುದು ಅವರ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ. ಗಲ್ಲಾದ ಮೇಲೆ ಕೂತವನು ಗಿರಾಕಿಯ ಜೊತೆ, ಕೆಲಸದವರ ಜೊತೆ ನಗಬಾರದು, ನಕ್ಕರೆ ಹೋಟೆಲು ಕೈಬಿಟ್ಟುಹೋಗುತ್ತದೆ ಎಂಬುದು ನಮ್ಮವರ ನಂಬಿಕೆ. ಆ ವಿನಯದ ಮನುಷ್ಯ ತಲೆಯಾಡಿಸಿ, ಹನ್ನೆರಡು ವರ್ಷ ಎಂದು ಬರೆದುಕೊಂಡರು. ಅವರು ಹೋದ ಮೇಲೆ ಭಟ್ಟರು ನನ್ನ ಹತ್ತಿರ ಬಂದರು. "ಹೇಂಗೆ ಹೇಳ್ದೆ ನೋಡಿ. ಸೇಟ್‌ರ ಮರ್ಯಾದಿ ಬಿಟ್ ಕೊಡ್ಲಿಲ್ಲೆ."

ಎಂಟನೆಯ ದಿನ ಆಸ್ಪತ್ರೆಯ ಇನ್ಶೂರೆನ್ಸ್ ಮೇಜಿನ ಹೆಂಗಸು ನನ್ನನ್ನು ಕರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಿರಾಕರಣೆ. ಭಾವನ ಪಾಲಿಸಿ ತೆಗೆದು ಮೂರು ವರ್ಷ. ಕೇಸ್ ಪೇಪರಿನ ಪ್ರಕಾರ ಕಾಯಿಲೆ ಏಳು ವರ್ಷದಿಂದ ಇದೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ನಾಲ್ಕು ವರ್ಷ ಕಾಯಬೇಕು. ಅದೂ ಮೊದಲೇ ತಿಳಿಸಿದ್ದರೆ. ತಿಳಿಸಿಲ್ಲ. ಹೋಟೆಲಿನ ನೌಕರರ ಹೇಳಿಕೆಯೂ ಇದಕ್ಕೆ ಹೊಂದುತ್ತದೆ.

"ಏಳು ವರ್ಷ ಎಲ್ಲಿಂದ ಬಂತು?" ಎಂದು ಅತ್ತೆಯ ಜೊತೆ ನನ್ನ ಹಿಂದೆ ನಿಂತಿದ್ದ ಅಕ್ಕ ಕೇಳಿದಳು. ಅವಳೇ ಉತ್ತರವನ್ನೂ ಕಂಡುಕೊಂಡಳು. ತಿರುಗಿ ಅತ್ತೆಯನ್ನು ನೋಡಿದಳು. ನಾನೂ ನೋಡಿದೆ.

ಭಾವನಿಗೆ ಹೇಳದೆ ಇಡಲಾಗಲಿಲ್ಲ. ಅವರು ದಿನಾ ಕೇಳುತ್ತಿದ್ದರು. ಕೇಳಿ, "ಹೌದಾ" ಎಂದರು. "ನಾನು ಹೇಳಿದ್ದೆ ಅಲ್ವಾ" ಎಂದರು. ಮರುದಿನ ಬೆಳಿಗ್ಗೆ, ಡಾಕ್ಟರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿ, ಅಂಗಿಯ ಗುಂಡಿಗಳನ್ನು ಮೇಲಿನವರೆಗೆ ಹಾಕಿಕೊಂಡು ಹೊರಟರು. ಹಣವನ್ನು ನಾವೇ ಹೇಗಾದರೂ ಹೊಂದಿಸುತ್ತೇವೆಂದು ಅಕ್ಕ ಅಂಗಲಾಚಿದಳು. ಪ್ರಶ್ನೆ ಹಣದ್ದಾಗಿದ್ದರೆ ಒಪ್ಪುತ್ತಿದ್ದರೋ ಏನೋ. "ಸೋಮಾರಿಗೆ ಆಸ್ಪತ್ರೆ ಯಾಕೆ" ಎಂದುಬಿಟ್ಟರು. ಮನೆಗೆ ಬಂದು ಮತ್ತೆ ಗೋಡೆಯ ಕಡೆ ಮುಖ ಮಾಡಿದರು. ಮಾತ್ರೆ ಕೊಟ್ಟರೆ ಮುಷ್ಟಿ ಬಿಗಿ ಹಿಡಿಯುತ್ತಿದ್ದರು. ಅಕ್ಕ ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಮಂಗಳಸೂತ್ರಕ್ಕೆ ಕಟ್ಟಿಕೊಂಡಳು.

ಅಕ್ಕನ ಮಗಳು ಇಲ್ಲೇ ಹುಟ್ಟಿದವಳು, ಕನ್ನಡ ತುಳು ಎರಡೂ ಅರ್ಥವಾದರೂ ಉತ್ತರ ಹಿಂದಿಯಲ್ಲಿ. ಅವಳು ನನ್ನನ್ನು ಕೇಳಿದಳು: "ಮಾಮಾ, ಆಪ್ ನೇ ಹೀ ತೋ ಬೋಲಾ ಥಾ ನಾ, ಅಬ್ ಸಬ್ ಸೇಮ್ ಹೈ?"

ಈಗ ಎಲ್ಲ ಒಂದೇ ಎಂದು ಹೇಳಿದವನು ನಾನೇ. ಹಾಗಾಗಿ ನಾನು ಕಂಪನಿಯ ದೂರು ವಿಭಾಗಕ್ಕೆ ನಾಲ್ಕು ಪುಟದ ಪತ್ರ ಬರೆದೆ. ಕಾನೂನನ್ನು ಉಲ್ಲೇಖಿಸಿದೆ, ಮನುಷ್ಯನ ಘನತೆಯನ್ನು ಉಲ್ಲೇಖಿಸಿದೆ, ಮನಸ್ಸು ಮತ್ತು ದೇಹದ ಭೇದ ಯುರೋಪಿನಲ್ಲಿ ಹೇಗೆ ಹುಟ್ಟಿತೆಂದು ಒಂದು ಪ್ಯಾರಾವನ್ನೂ ಸೇರಿಸಿದೆ. ಉತ್ತರ ಅರ್ಧ ಪುಟ ಬಂತು. ಕಂಪನಿ ಕಾನೂನನ್ನು ಸಂಪೂರ್ಣ ಗೌರವಿಸುತ್ತದೆ. ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಕಾಣಲಾಗಿದೆ. ಸಕ್ಕರೆ ಕಾಯಿಲೆಯನ್ನೋ ಹೃದ್ರೋಗವನ್ನೋ ಏಳು ವರ್ಷ ಮುಚ್ಚಿಟ್ಟಿದ್ದರೂ ಇದೇ ರೀತಿ ನಿರಾಕರಿಸಲಾಗುತ್ತಿತ್ತು. ನಾನು ಆ ಉತ್ತರವನ್ನು ಎರಡು ಸಲ ಓದಿದೆ. ತಪ್ಪು ಹಿಡಿಯಲಾಗಲಿಲ್ಲ. ನಾವು ಕೇಳಿದ್ದು ಸಮಾನತೆ, ಸಿಕ್ಕಿತ್ತು.

ಉಳಿದದ್ದು ಆ ಏಳು ವರ್ಷವನ್ನು ಕಾಗದದಿಂದ ತೆಗೆಸುವುದು. ನೆರೂಲಿಗೆ ಹೋಗಿ ಆ ಮರಾಠಿ ಡಾಕ್ಟರನ್ನು ಕಂಡೆ. ಏಳು ವರ್ಷ ಅನ್ನುವುದು ಕಾಯಿಲೆಯ ಲೆಕ್ಕವಲ್ಲ, ಶನಿಯ ಲೆಕ್ಕ ಎಂದು ವಿವರಿಸಿದೆ. ಅವಳು ನಗಲಿಲ್ಲ, ಅವಳ ಅಜ್ಜಿಯೂ ಶನಿವಾರ ಉಪವಾಸ ಮಾಡುತ್ತಾಳಂತೆ. ತಪ್ಪು ಮಾಹಿತಿ ಕೊಟ್ಟವರು ಅದನ್ನು ಪ್ರಮಾಣ ಮಾಡಿ ಬರೆದುಕೊಟ್ಟರೆ ತಾನೂ ಸ್ಪಷ್ಟೀಕರಣ ಬರೆದುಕೊಡುತ್ತೇನೆ ಎಂದಳು. ಆಮೇಲೆ ಕೇಳಿದಳು, "ಹೇಳಿದ್ದು ಯಾರು ಅಂತ ಕೇಸ್ ಪೇಪರ್ ತರಿಸಿ ನೋಡಬೇಕಾ?"

"ಬೇಡ," ಎಂದೆ. "ಅವರ ತಾಯಿ ಹೇಳಿದ್ದು. ನಾನು ಅಲ್ಲೇ ಇದ್ದೆ."

ಠಾಣೆಯ ಕೋರ್ಟಿನ ಹೊರಗೆ ಮರದ ಕೆಳಗೆ ಟೈಪಿಸ್ಟರು ಸಾಲಾಗಿ ಕೂತಿರುತ್ತಾರೆ. ಅತ್ತೆಯನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಶುಕ್ರವಾರವೇ ಆಗಬೇಕು, ಶನಿವಾರ ಆಣೆ ಪ್ರಮಾಣ ಕೂಡದು ಎಂದಿದ್ದರು. ನಾನು ಬರೆದುಕೊಂಡು ಹೋಗಿದ್ದ ಒಕ್ಕಣೆಯಲ್ಲಿ ಹೀಗಿತ್ತು: ನನ್ನ ಮಗನ ಕಾಯಿಲೆಗೂ ಶನಿಗ್ರಹದ ಸಂಚಾರಕ್ಕೂ ಯಾವ ಸಂಬಂಧವೂ ಇಲ್ಲ, ಮೂಢನಂಬಿಕೆಯಿಂದ ನಾನು ತಪ್ಪು ಕಾಲಾವಧಿಯನ್ನು ತಿಳಿಸಿದೆ. ಟೈಪಿಸ್ಟ್ ಅದನ್ನು ಓದಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. "ಶನಿ ಮಹಾರಾಜಾಂಚಾ ಪತ್ತಾ ಕಾಯ್ ಲಿಹೂ?" ಪ್ರತಿವಾದಿಯ ವಿಳಾಸ ಬೇಕಲ್ಲ ಎಂದು ಅವನ ತಮಾಷೆ. ಪಕ್ಕದ ಟೈಪಿಸ್ಟನೂ ನಕ್ಕ.

ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ಟೈಪಾದದ್ದನ್ನು ಓದಿ ಹೇಳಿದೆ. ಅವರು ಪೆನ್ನು ಮುಟ್ಟಲಿಲ್ಲ.

"ಸಂಬಂಧ ಇಲ್ಲ ಅಂತ ನಾನು ಬರೆದುಕೊಡ್ಬೇಕಾ?"

"ಹೌದು ಅತ್ತೆ. ಬರೀ ಕಾಗದಕ್ಕೆ."

"ಕಾಗದಕ್ಕಾದ್ರೆ ಆಣೆ ಯಾಕೆ ಮಗಾ? ಹೊರಡ್ಲಿಕ್ಕೆ ಆದ ಶನಿಯನ್ನು ಹೋಗುವಾಗ ಬೈದು ಕಳಿಸುವುದಾ? ಅವ ತಿರುಗಿ ನೋಡಿದ್ರೆ? ಪೆಟ್ಟು ಬೀಳುವುದು ನಿನಗಲ್ಲ, ನನ್ನ ಮಗನಿಗೆ."

"ಅತ್ತೆ, ನೀವು ಸಹಿ ಹಾಕದಿದ್ರೆ ಅವರು ಆಸ್ಪತ್ರೆಗೆ ಹೋಗುವುದಿಲ್ಲ."

ಅತ್ತೆ ಕಾಗದವನ್ನು ನನ್ನ ಕಡೆ ಸರಿಸಿದರು. "ನಾನು ಆವತ್ತು ಶನಿ ಅಂತ ಹೇಳಿದ್ದೆ. ಬರೀ ಏಳು ವರ್ಷ ಅಂತ ಹೇಳ್ಲಿಲ್ಲ. ಶನಿ ಎಲ್ಲಿ ಹೋದ?"

ನನಗೆ ಆಗ ಒಂದು ಕ್ಷಣ ಅನುಮಾನ ಬಂತು. ಅತ್ತೆ ಹೇಳಿದ್ದು ತುಳುವಿನಲ್ಲೇ ಆಗಿದ್ದರೆ, ಡಾಕ್ಟರಿಗೆ ಯಾರೋ ಅದನ್ನು ದಾಟಿಸಿರಬೇಕು. ಓದಿದ ಮನುಷ್ಯನೊಬ್ಬ ಇನ್ನೊಬ್ಬ ಓದಿದವರ ಮುಂದೆ ಶನಿಯ ಹೆಸರೆತ್ತಲು ನಾಚಿ, ಗ್ರಹವನ್ನು ಬಿಟ್ಟು ವರ್ಷವನ್ನು ಮಾತ್ರ ದಾಟಿಸುವುದು ಸಾಧ್ಯ. ಶನಿಯನ್ನು ಉಳಿಸಿಕೊಂಡಿದ್ದರೆ ಯಾವ ಕಂಪನಿಯೂ ಅದನ್ನು ರೋಗದ ಅವಧಿ ಎನ್ನುತ್ತಿರಲಿಲ್ಲ. ಆದರೆ ಆ ಕ್ಷಣ ಕಳೆಯಿತು. "ಡಾಕ್ಟರು ಅದನ್ನೆಲ್ಲ ಬರೆಯುವುದಿಲ್ಲ ಅತ್ತೆ" ಎಂದೆ.

"ಹಾಗಾದ್ರೆ ಶನಿಯನ್ನು ಇದರಿಂದಲೂ ತೆಗಿ. ತಪ್ಪು ನಂದು ಅಂತ ಬರಿ. ಮುದುಕಿಗೆ ಮರೆವು, ಏಳು ವಾರವೋ ಏಳು ವರ್ಷವೋ ಗೊತ್ತಾಗದೆ ಬಾಯಿಗೆ ಬಂದದ್ದು ಹೇಳಿದ್ಲು ಅಂತ ಬರಿ. ನನ್ನ ಮೇಲೆ ನಾನು ಆಣೆ ಹಾಕ್ಬಹುದು."

ನಾನು ಹಾಗೆಯೇ ಬರೆದೆ. ಕಾಯಿಲೆ ಶುರುವಾದದ್ದು ಕಳೆದ ದೀಪಾವಳಿಯ ನಂತರ. ನನ್ನ ವಯಸ್ಸು ಮತ್ತು ಮರೆವಿನಿಂದಾಗಿ ನಾನು ಡಾಕ್ಟರಿಗೆ ತಪ್ಪು ಹೇಳಿದೆ. ಮೂವತ್ತು ಜನ ನೆಂಟರ ಹುಟ್ಟುನಕ್ಷತ್ರ ಬಾಯಿಪಾಠವಿದ್ದ ಹೆಂಗಸು ತನಗೆ ಮರೆವು ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ, ಕನ್ನಡದಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದರು.

ಡಾಕ್ಟರು ಮಾತಿಗೆ ತಪ್ಪದೆ ಸ್ಪಷ್ಟೀಕರಣ ಕೊಟ್ಟಳು. ಭಟ್ಟರಿಂದಲೂ ಒಂದು ಹೇಳಿಕೆ ಬರೆಸಿದೆವು, ಸೇಟ್ ನಗದಿರುವುದು ಹೋಟೆಲಿನ ಶಿಸ್ತು ಎಂದು. ಎಲ್ಲವನ್ನೂ ಕಳಿಸಿ ಆರು ವಾರದ ಮೇಲೆ ಕಂಪನಿಯ ಪತ್ರ ಬಂತು. ಹಿಂದಿನ ನಿರಾಕರಣೆಯನ್ನು ಹಿಂತೆಗೆದುಕೊಳ್ಳಲಾಗಿದೆ. ಈ ಕಾಯಿಲೆಯ ಮುಂದಿನ ಚಿಕಿತ್ಸೆಗೂ ಪಾಲಿಸಿ ಅನ್ವಯಿಸುತ್ತದೆ.

ಅಕ್ಕ ಪತ್ರವನ್ನು ಭಾವನ ಹಾಸಿಗೆಯ ಮೇಲಿಟ್ಟಳು. ಅವರು ಎದ್ದು ಕೂತು, ಸರಕು ತಂದವನ ಚೀಟಿ ನೋಡುವ ಹಾಗೆ, ಮೇಲಿನಿಂದ ಕೆಳಗೆ ಓದಿದರು. ಕಾಯಿಲೆ ಎಂಬ ಇಂಗ್ಲಿಷ್ ಪದ ಇದ್ದಲ್ಲಿ ಬೆರಳಿಟ್ಟರು. "ಇದನ್ನು ಅವರಾಗಿ ಬರೆದದ್ದಾ, ನೀನು ಬರೆಸಿದ್ದಾ?" ಎಂದು ನನ್ನನ್ನು ಕೇಳಿದರು.

"ಅವರಾಗಿಯೇ ಭಾವ."

"ಸಹಿ ಉಂಟು" ಎಂದರು. ಅದೇ ವಾರ ನೆರೂಲಿಗೆ ಹೋಗಿ, ನಾಲ್ಕು ವಾರ ಎಂದದ್ದಕ್ಕೆ ಐದು ವಾರ ಇದ್ದರು. ಮಾತ್ರೆಗಳನ್ನು ನರ್ಸು ಬರುವ ಮೊದಲೇ ಕೇಳಿ ತೆಗೆದುಕೊಳ್ಳುತ್ತಿದ್ದರಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಅಂಗೈಗೆ ಸಾಂಬಾರು ಬಿಟ್ಟುಕೊಂಡು ನೆಕ್ಕಿ ಭಟ್ಟರಿಗೆ ಬೈದರು. ಭಟ್ಟರು ಆ ಬೈಗುಳವನ್ನು ನಮಗೆ ಫೋನು ಮಾಡಿ ಹೇಳಿದರು. ಅತ್ತೆಯ ಪ್ರಕಾರ ಇದೆಲ್ಲ ಶನಿ ಹೊರಡುವ ತಯಾರಿ, ನಾನು ವಾದಿಸಲಿಲ್ಲ.

ಆದರೆ ಮನೆಯಲ್ಲಿ ಅತ್ತೆಯ ಸ್ಥಾನ ಮೊದಲಿನಂತೆ ಉಳಿಯಲಿಲ್ಲ. ಯಾರಾದರೂ ಡಾಕ್ಟರು, ಬ್ಯಾಂಕಿನವರು, ಶಾಲೆಯವರು ಬಂದರೆ ಅವರು ತಾವಾಗಿ ಎದ್ದು ಒಳಗೆ ಹೋಗುತ್ತಿದ್ದರು. "ನಾನು ಬಾಯಿ ಬಿಟ್ರೆ ತೊಂದರೆ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರ ಮುಂದೆಯೇ ನಾನು ಆ ಕಥೆ ಹೇಳುತ್ತಿದ್ದೆ, ಸಾತ್ ಸಾಲ್ ಎಂದು ಅವರ ದನಿಯನ್ನು ಅಣಕಿಸಿ. ಅವರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಇತ್ತೀಚೆಗೆ ಭಾವ ಬೇರೆ ಕಂಪನಿಯ ಪಾಲಿಸಿಗೆ ಬದಲಾಯಿಸಬೇಕೆಂದಾಗ ಹೊಸ ಕಂಪನಿ ಹಳೆಯ ಚಿಕಿತ್ಸೆಯ ಪೂರ್ತಿ ದಾಖಲೆ ಕೇಳಿತು. ನಾನು ನೆರೂಲಿಗೆ ಹೋಗಿ ರೆಕಾರ್ಡ್ ರೂಮಿನಿಂದ ಕೇಸ್ ಪೇಪರಿನ ಜೆರಾಕ್ಸ್ ಮಾಡಿಸಿಕೊಂಡೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಮೊದಲ ಪುಟ ಓದಿದೆ. ರೋಗಿಯ ಹೆಸರು, ವಯಸ್ಸು, ಉದ್ಯೋಗದ ಕೆಳಗೆ, ಮನೋರೋಗದ ಡಾಕ್ಟರುಗಳು ತಪ್ಪದೆ ತುಂಬುವ ಒಂದು ಸಾಲು ಇರುತ್ತದೆ, ಮಾಹಿತಿ ಕೊಟ್ಟವರು ಯಾರು, ಅವರನ್ನು ನಂಬಬಹುದೇ ಎಂದು. ಆ ಮರಾಠಿ ಹುಡುಗಿಯ ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ ಅಲ್ಲಿ ಹೀಗಿದೆ: ರೋಗಿಯ ಹೆಂಡತಿಯ ತಮ್ಮ. ತಾಯಿ ಹಾಜರಿದ್ದರು, ಅವರು ಮಾತಾಡಿದ್ದು ಸ್ವಂತ ಭಾಷೆಯಲ್ಲಿ ಮಾತ್ರ; ಹೆಂಡತಿಯ ತಮ್ಮ ಭಾಷಾಂತರಿಸಿ ಹೇಳಿದರು. ಮಾಹಿತಿ ನಂಬಲರ್ಹ.